ಉಪ್ಪು ಹೆಚ್ಚಿಸದೆ ವೃದ್ಧಾಶ್ರಮದ ಅಡುಗೆಗೆ ರುಚಿ ತರುವ ಬಗೆ

ವೃದ್ಧಾಶ್ರಮದ ಊಟ ಸಪ್ಪೆ ಎಂಬ ದೂರು ಬಂದಾಗಲೆಲ್ಲ ಉಪ್ಪು ಕಡಿಮೆ ಮಾಡಿದ್ದೇ ಕಾರಣವೆಂದು ಹೇಳಿ ಸುಮ್ಮನಾಗುವುದು ರೂಢಿ. ಆದರೆ ವಯಸ್ಸಾದಂತೆ ನಾಲಿಗೆಗಿಂತ ಹೆಚ್ಚಾಗಿ ಮಂದವಾಗುವುದು ಮೂಗು. ಬೆಳಿಗ್ಗೆ ಒಂಬತ್ತಕ್ಕೇ ಒಗ್ಗರಣೆ ಬಿದ್ದ ಸಾರು ಮಧ್ಯಾಹ್ನ ಬಡಿಸುವ ಹೊತ್ತಿಗೆ ತನ್ನ ಘಮವನ್ನು ಬಹುಪಾಲು ಕಳೆದುಕೊಂಡಿರುತ್ತದೆ. ಆದ್ದರಿಂದ ಪರಿಮಳದ ಕೆಲಸವನ್ನು ಕೊನೆಯ ಗಳಿಗೆಗೆ ಉಳಿಸಿಕೊಳ್ಳುವುದೇ ಮುಖ್ಯ ಉಪಾಯ.

ಮೊದಲು ಉಪ್ಪನ್ನು ತೂಗಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಉಪ್ಪಿನಕಾಯಿ, ಹಪ್ಪಳಗಳ ಉಪ್ಪೂ ಇದರಲ್ಲೇ ಸೇರಬೇಕು. 40 ಜನರ ಮಧ್ಯಾಹ್ನದ ಊಟಕ್ಕೆ ತಲಾ 2 ಗ್ರಾಂನಂತೆ 80 ಗ್ರಾಂ ತೆಗೆದಿಟ್ಟುಕೊಂಡು, ಅನ್ನಕ್ಕೆ ಹಾಕದೆ, ಹುಳಿ ಮತ್ತು ಪಲ್ಯಗಳಿಗಷ್ಟೇ ಹಂಚಿ. ಪೊಟ್ಯಾಸಿಯಂ ಬೆರೆತ ಬದಲಿ ಉಪ್ಪು ಮೂತ್ರಪಿಂಡದ ತೊಂದರೆಯುಳ್ಳವರಿಗೂ, ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೂ ಅಪಾಯ ತರಬಲ್ಲದು. ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯಗಳನ್ನು ವಾರಕ್ಕೆ ಬೇಕಾದಷ್ಟೇ ಹುರಿದು ಪುಡಿ ಮಾಡಿಕೊಳ್ಳಿ. ತಿಂಗಳುಗಟ್ಟಲೆ ಇಟ್ಟ ಸಾರಿನ ಪುಡಿಯನ್ನು ಎರಡು ಪಟ್ಟು ಸುರಿದರೂ ಖಾರ ಏರುತ್ತದೆಯೇ ಹೊರತು ಘಮ ಬರುವುದಿಲ್ಲ.

ಬಡಿಸಲು ಹತ್ತು ನಿಮಿಷವಿರುವಾಗ ಹುಳಿಯನ್ನು ಮತ್ತೊಮ್ಮೆ ಕುದಿಸಿ ಒಗ್ಗರಣೆ ಹಾಕಿ. ತುಪ್ಪದಲ್ಲಿ ಸಾಸಿವೆ ಸಿಡಿದ ಮೇಲೆ ಉರಿ ತಗ್ಗಿಸಿ ಇಂಗು, ಕರಿಬೇವು ಸೇರಿಸಿ, ಅವುಗಳ ಸಾರ ತುಪ್ಪಕ್ಕಿಳಿದ ಕೂಡಲೇ ಸ್ಟೀಲಿನ ಜಾಲರಿಯಲ್ಲಿ ಸೋಸಿ ಹುಳಿಗೆ ಸುರಿಯಿರಿ. ಹಲ್ಲುಸೆಟ್ಟಿನ ಅಡಿಯಲ್ಲಿ ಸಿಕ್ಕಿಕೊಂಡ ಒಂದು ಸಾಸಿವೆ ಕಾಳು ಇಡೀ ಊಟವನ್ನೇ ಕೆಡಿಸಬಲ್ಲದು. ಈರುಳ್ಳಿ, ಬೆಳ್ಳುಳ್ಳಿ ಬಳಸದ ಆಶ್ರಮಗಳಲ್ಲಿ ಇಂಗಿಗೆ ಜಿಪುಣತನ ಬೇಡ. ನಿಂಬೆರಸವನ್ನು ಒಲೆ ಆರಿಸಿದ ನಂತರ ಹಿಂಡಿ. ಹುಳಿರುಚಿ ಸ್ವಲ್ಪ ಮುಂದಾದರೆ ಉಪ್ಪಿನ ಕೊರತೆ ಅಷ್ಟಾಗಿ ತಿಳಿಯದು.

ಹಲವು ಔಷಧಗಳಿಂದ ಬಾಯಿ ಒಣಗುವವರಿಗೆ ದೊಡ್ಡಪತ್ರೆ ಅಥವಾ ಮೆಂತ್ಯದ ತಂಬುಳಿ ಬಹಳ ಒಳ್ಳೆಯದು, ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ನುಂಗಲು ಕಷ್ಟಪಡುವವರಿಗೆ ತೆಳುವಾದ ದ್ರವ ಶ್ವಾಸನಾಳಕ್ಕೆ ಹೋಗುವ ಭಯವಿರುವುದರಿಂದ, ಅದು ಎಷ್ಟು ಮಂದವಾಗಿರಬೇಕೆಂದು ವೈದ್ಯರಿಂದಲೇ ತಿಳಿದುಕೊಳ್ಳಬೇಕು. ಇಂಥವರಿಗಾಗಿ ಅನ್ನ, ಹುಳಿ, ಪಲ್ಯಗಳನ್ನು ಒಟ್ಟಿಗೆ ರುಬ್ಬಿ ಬೂದುಬಣ್ಣದ ಮುದ್ದೆ ಮಾಡುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದೊಂದನ್ನೂ ಬೇರೆಯಾಗಿ ರುಬ್ಬಿ ಬೇರೆ ಬಟ್ಟಲಲ್ಲಿ ಕೊಟ್ಟರೆ ಇದು ಬೀಟ್‌ರೂಟು, ಇದು ಕುಂಬಳಕಾಯಿ ಎಂದು ತಿನ್ನುವವರಿಗೆ ಗೊತ್ತಾಗುತ್ತದೆ.

ಊಟ ಮುಗಿದ ಮೇಲೆ ತಟ್ಟೆಗಳಲ್ಲಿ ಉಳಿದದ್ದನ್ನು ನೋಡಿ ಬರೆದಿಟ್ಟುಕೊಂಡು, ಮರುವಾರದ ಪಟ್ಟಿಯನ್ನು ಅದರಂತೆ ತಿದ್ದಿ.