ಇಂಗ್ಲಿಷ್ ಗಾದೆಯಲ್ಲಿ ಮೊದಲು ನಾಮಪದ ಹುಡುಕಿಸಿದೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆಯ ಜಗಲಿಯಲ್ಲಿ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಕೊಡುತ್ತೇನೆ. ಮನೆಯಲ್ಲಿ ತುಳುವೋ ಹವ್ಯಕವೋ ಮಲಯಾಳವೋ ಮಾತಾಡುವ ಮಕ್ಕಳು, ಶಾಲೆಯಲ್ಲಿ ಕನ್ನಡ, ಬಸ್ಸಿನ ಬೋರ್ಡು ಮಲಯಾಳದಲ್ಲಿ. ಇನ್ನೊಂದು ಭಾಷೆ ಅಂದರೆ ಇವರಿಗೆ ಹೆದರಿಕೆಯಿಲ್ಲ. ಆದರೆ ಇಂಗ್ಲಿಷ್ ಗಾದೆಗಳನ್ನು ಮಾತ್ರ ಗೈಡ್ ನೋಡಿ ಬಾಯಿಪಾಠ ಮಾಡುತ್ತಿದ್ದರು, ಮೊದಮೊದಲು ನಾನೂ ಹಾಗೇ ಮಾಡಿಸಿದೆ.

ಒಂದು ದಿನ 'ಮೇಕ್ ಹೇ ವೈಲ್ ದ ಸನ್ ಶೈನ್ಸ್' ಬಂತು. 'ಗಾಳಿ ಬಂದಾಗ ತೂರಿಕೋ' ಅಂತ ಬರೆಸಿ ಮುಂದೆ ಹೋಗುವವಳಿದ್ದೆ. ಒಬ್ಬಳು ಕೇಳಿದಳು, "ಟೀಚರ್, ಹುಲ್ಲು ಮಾಡುವುದು ಅಂದರೆ ಹೇಗೆ?"

ಹೌದಲ್ವಾ! ಹೇ ಅಂದರೆ ಬರೀ ಹುಲ್ಲಲ್ಲ, ಕೊಯ್ದು ಒಣಗಿಸಿದ ಹುಲ್ಲು. ನಮ್ಮ ಬೈಹುಲ್ಲೂ ಅಲ್ಲ, ಅದು ಸ್ಟ್ರಾ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ಬೇಕಾದ ಮೇವನ್ನು ಬೇಸಿಗೆಯಲ್ಲೇ ಒಣಗಿಸಿ ಇಡಬೇಕು, ಅಲ್ಲಿ ಬೇಸಿಗೆಯಲ್ಲೂ ಮಳೆ ಬರುತ್ತದೆ. ಅಂಗಳದಲ್ಲಿ ಅಡಿಕೆ ಹರಡಿ, ಮೋಡ ಕಂಡ ಕೂಡಲೇ ಟಾರ್ಪಾಲು ಹಿಡಿದು ಓಡುವ ಮಕ್ಕಳಿಗೆ ಇಷ್ಟು ಹೇಳಿದ್ದೇ ಸಾಕಾಯಿತು.

ಅಂದಿನಿಂದ ಗಾದೆ ಬಂದರೆ ಮೊದಲು ನಾಮಪದಕ್ಕೆ ಗೆರೆ ಎಳೆಸುತ್ತೇನೆ. ಅದು ಯಾವ ವಸ್ತು, ಎಣಿಸಲು ಆಗುತ್ತದಾ ಅಂತ ಕೇಳುತ್ತೇನೆ. ಹೇ ಎಣಿಸಲು ಆಗುವುದಿಲ್ಲ, ಹಾಗಾಗಿ ಮೊದಲಿಗೆ 'ಎ' ಇಲ್ಲ, ಕೊನೆಗೆ 'ಎಸ್' ಇಲ್ಲ. ಈ ಎಣಿಕೆಯಲ್ಲೇ ನಮ್ಮ ಮಕ್ಕಳು ಜಾಸ್ತಿ ತಪ್ಪುವುದು. ನಾವು 'ಹತ್ತು ಅಡಿಕೆ' ಅನ್ನುತ್ತೇವೆ, 'ಹತ್ತು ಅಡಿಕೆಗಳು' ಅನ್ನುವುದಿಲ್ಲ, ಅದಕ್ಕೇ 'ಟೆನ್ ಬುಕ್' ಅಂತ ಬರೆಯುತ್ತಾರೆ. ಅದು ದಡ್ಡತನ ಅಲ್ಲವೇ ಅಲ್ಲ, ಕನ್ನಡದ ರೂಢಿ. ಕನ್ನಡದಲ್ಲಿ ಸಲಹೆಗಳು ಇವೆ, ಇಂಗ್ಲಿಷಿನಲ್ಲಿ 'ಅಡ್ವೈಸಸ್' ಇಲ್ಲ, 'ಟೂ ಪೀಸಸ್ ಆಫ್ ಅಡ್ವೈಸ್' ಅನ್ನಬೇಕು.

'ಎ ಸ್ಟಿಚ್ ಇನ್ ಟೈಮ್ ಸೇವ್ಸ್ ನೈನ್' ಅನ್ನುವುದರಲ್ಲಿ ಒಂಬತ್ತು ಏನು? ನೈನ್ ಆದ ಮೇಲೆ ನಾಮಪದವೇ ಇಲ್ಲ. ವಾಕ್ಯದ ಮೊದಲಿಗೆ ಹೋಗಿ ನೋಡಿ ಅಂದೆ, ಸ್ಟಿಚ್ ಸಿಕ್ಕಿತು, ಅಂದರೆ ಹೊಲಿಗೆ. ಸಮಯಕ್ಕೆ ಹಾಕಿದ ಒಂದು ಹೊಲಿಗೆ ಮುಂದಿನ ಒಂಬತ್ತು ಹೊಲಿಗೆ ಉಳಿಸುತ್ತದೆ ಅಂತ. ಅಂಗಡಿಯಲ್ಲಿ ಬಾಳೆಹಣ್ಣು ತೋರಿಸಿ ಸುಮ್ನೆ 'ಆರು ಕೊಡಿ' ಅನ್ನುವುದೂ ಹೀಗೇ ಅಲ್ವಾ.

ಜಾಸ್ತಿ ಚರ್ಚೆ ನಡೆದದ್ದು 'ಎ ರೋಲಿಂಗ್ ಸ್ಟೋನ್ ಗ್ಯಾದರ್ಸ್ ನೋ ಮಾಸ್' ಬಂದಾಗ. ಮಾಸ್ ಅಂದರೆ ಪಾಚಿ, ಉರುಳುವ ಕಲ್ಲಿಗೆ ಪಾಚಿ ಹಿಡಿಯುವುದಿಲ್ಲ ಅಂತ. ಇವರು ಮಳೆಗಾಲದಲ್ಲಿ ಅಂಗಳದ ಹಾವಸೆಯಲ್ಲಿ ಜಾರಿ ಬಿದ್ದವರು. "ಪಾಚಿ ಹಿಡಿಯದಿದ್ದರೆ ಒಳ್ಳೆಯದೇ ಅಲ್ವಾ ಟೀಚರ್?" ಅಂದರು. ಹಳೆಯ ಅರ್ಥದಲ್ಲಿ ಪಾಚಿ ಅಂದರೆ ಗಳಿಕೆ, ಒಂದು ಕಡೆ ನಿಲ್ಲದವನ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂತ. ಮಕ್ಕಳು ಹೇಳಿದ ಹಾಗೆ ಅರ್ಥ ಮಾಡುವವರು ಇಂಗ್ಲಿಷಿನವರಲ್ಲೂ ಇದ್ದಾರೆ. ಎರಡನ್ನೂ ಬರೆಸಿದೆ, ಪರೀಕ್ಷೆಗೆ ಹಳೆಯದು ಸಾಕು ಅಂದೆ.