ಹಲಸಿನ ಬೀಜದ ಪ್ರೋಟೀನು ಮತ್ತು ಎರಡು ದಿನದ ಡಯಾಲಿಸಿಸ್

ಬೇಸಿಗೆ ಬಂದರೆ ಬೆಂಗಳೂರಿನ ಗಾಡಿಗಳ ಮೇಲೆ ಹಲಸಿನ ತೊಳೆ ಕಾಣಿಸುತ್ತದೆ. ನಮ್ಮ ಮನೆಯಲ್ಲಿ ಬೀಜ ಎಸೆಯುವುದಿಲ್ಲ, ಹುರುಳಿ ಸಾರಿಗೆ ಎತ್ತಿಡುತ್ತೇವೆ. ಒಂದು ವರ್ಷ ಅದರಲ್ಲಿ ಅರ್ಧ ಕೆಜಿ ಲ್ಯಾಬಿಗೆ ಹೋಯಿತು.

ಈ ಬೀಜದಲ್ಲಿ ಜಾಕಲಿನ್ ಎಂಬ ಪ್ರೋಟೀನ್ ಇದೆ. ಇದು ಲೆಕ್ಟಿನ್, ಅಂದರೆ ಸಕ್ಕರೆಯನ್ನು ಗುರುತಿಸಿ ಹಿಡಿಯುವಂಥದ್ದು. ಇದಕ್ಕೆ ಇಷ್ಟವಾದದ್ದು ಗ್ಯಾಲಕ್ಟೋಸ್. ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂತ ನಾನು ಅಳೆಯಬೇಕಿತ್ತು.

ಬೀಜದ ಸಿಪ್ಪೆ ತೆಗೆದು, ತಣ್ಣನೆಯ ಬಫರಿನಲ್ಲಿ (ಪಿಎಚ್ ಬದಲಾಗದ ಹಾಗೆ ನೋಡಿಕೊಳ್ಳುವ ಉಪ್ಪಿನ ದ್ರಾವಣ) ರುಬ್ಬಿ, ತಿಳಿಯನ್ನು ಗೌರ್ ಗಮ್ ತುಂಬಿದ ಕಾಲಮಿಗೆ, ಅಂದರೆ ಉದ್ದನೆಯ ಕೊಳವೆಗೆ ಬಿಟ್ಟೆ. ಗೌರ್ ಗಮ್ ಅಂದರೆ ನಮ್ಮ ಗೋರಿಕಾಯಿ ಬೀಜದ ಅಂಟು. ಅದರ ತುಂಬ ಗ್ಯಾಲಕ್ಟೋಸ್ ಕವಲುಗಳು. ಜಾಕಲಿನ್ ಅಲ್ಲೇ ಕಚ್ಚಿಕೊಳ್ಳುತ್ತದೆ, ಉಳಿದದ್ದು ಹರಿದುಹೋಗುತ್ತದೆ. ಆಮೇಲೆ ಗ್ಯಾಲಕ್ಟೋಸ್ ದ್ರಾವಣ ಬಿಟ್ಟರೆ ಪ್ರೋಟೀನ್ ಅಂಟನ್ನು ಬಿಟ್ಟು ಕೆಳಗಿಳಿಯುತ್ತದೆ.

ನಾನು ತಪ್ಪಿದ್ದು ಇಲ್ಲಿಂದ ಮುಂದೆ. ಆ ಗ್ಯಾಲಕ್ಟೋಸ್ ತೆಗೆಯಲು ಡಯಾಲಿಸಿಸ್ ಮಾಡಬೇಕು: ಪ್ರೋಟೀನನ್ನು ಸಣ್ಣ ರಂಧ್ರಗಳ ಚೀಲಕ್ಕೆ ತುಂಬಿ ಬಫರಿನಲ್ಲಿ ಮುಳುಗಿಸಿಟ್ಟರೆ ಸಕ್ಕರೆ ಹೊರಹೋಗುತ್ತದೆ, ಪ್ರೋಟೀನ್ ಒಳಗೇ ಉಳಿಯುತ್ತದೆ. ನಾನು ಒಂದೇ ರಾತ್ರಿ ಮಾಡಿ, ಕೆಂಪು ರಕ್ತಕಣಗಳ ಪರೀಕ್ಷೆಗೆ ಕೂತೆ. 96 ಗುಂಡಿಗಳ ಪ್ಲೇಟು. ಲೆಕ್ಟಿನ್ ಕೆಲಸ ಮಾಡಿದರೆ ಕಣಗಳ ಮೇಲಿನ ಸಕ್ಕರೆಯನ್ನು ಹಿಡಿಯುತ್ತದೆ, ಕಣಗಳು ಒಂದಕ್ಕೊಂದು ಅಂಟಿ ಚಾಪೆಯ ಹಾಗೆ ಹರಡುತ್ತವೆ. ಮಾಡದಿದ್ದರೆ ತಳದಲ್ಲಿ ಕೆಂಪು ಬಟನ್ ಕೂರುತ್ತದೆ. ನನಗೆ ಸಿಕ್ಕಿದ್ದು ಬರೀ ಬಟನ್. ಪ್ರೋಟೀನ್ ಹಾಳಾಯಿತು ಅಂದುಕೊಂಡೆ. ಹಾಳಾಗಿರಲಿಲ್ಲ. ಕಾಲಮಿನಿಂದ ಬಂದ ಗ್ಯಾಲಕ್ಟೋಸ್ ಇನ್ನೂ ಉಳಿದಿತ್ತು. ಪ್ರೋಟೀನಿನಲ್ಲಿ ಸಕ್ಕರೆ ಕೂರುವ ಜಾಗ ಮೊದಲೇ ತುಂಬಿದ್ದರೆ ಕಣವನ್ನು ಹೇಗೆ ಹಿಡಿಯುತ್ತದೆ, ಅಲ್ವಾ? ಬಫರ್ ಬದಲಿಸುತ್ತಾ ಎರಡು ದಿನ ಡಯಾಲಿಸಿಸ್ ಮಾಡಿದ ಮೇಲೆ ಚಾಪೆ ಚೆನ್ನಾಗಿ ಹರಡಿತು.

ರಕ್ತಕಣಗಳನ್ನು ಸಲೈನಿನಲ್ಲಿ ಮೂರು ಸಲ ತೊಳೆಯಲೇಬೇಕು. ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿರುವ ಐಜಿಎ1 ಎಂಬ ಆಂಟಿಬಾಡಿಯ ಸಕ್ಕರೆಗಳನ್ನೂ ಜಾಕಲಿನ್ ಹಿಡಿಯುತ್ತದೆ, ಆಗ ಕಣಗಳಿಗೆ ಜಾಗ ಉಳಿಯುವುದಿಲ್ಲ. ಸುಮ್ನೆ ಒಂದು ಸಲ ತೊಳೆದರೆ ಸಾಲದು.

ಅದೇ ಪ್ಲೇಟಿನಲ್ಲಿ ಬೇರೆ ಬೇರೆ ಸಕ್ಕರೆ ಹಾಕಿ ಯಾವುದು ಅಂಟುವಿಕೆಯನ್ನು ತಡೆಯುತ್ತದೆ ಅಂತ ನೋಡಿದೆ. ಮೆಲಿಬಯೋಸ್ ತಡೆಯಿತು, ಲ್ಯಾಕ್ಟೋಸ್ ತಡೆಯಲಿಲ್ಲ. ಎರಡರಲ್ಲೂ ಗ್ಯಾಲಕ್ಟೋಸ್ ಇದೆ. ಅದು ಪಕ್ಕದ ಸಕ್ಕರೆಗೆ ಸೇರುವ ಕೊಂಡಿ ಮೊದಲನೆಯದರಲ್ಲಿ ಒಂದು ದಿಕ್ಕಿನದು (ಆಲ್ಫಾ), ಎರಡನೆಯದರಲ್ಲಿ ಇನ್ನೊಂದು ದಿಕ್ಕಿನದು (ಬೀಟಾ). ಅಷ್ಟೇ ವ್ಯತ್ಯಾಸವನ್ನು ಬೀಜದ ಪ್ರೋಟೀನ್ ಗುರುತಿಸಿದ್ದು ನೋಡಿ ತುಂಬ ಖುಷಿಯಾಯಿತು. ದುಬಾರಿ ಮೆಷಿನ್ ಹತ್ತಿರ ಹೋಗುವ ಮೊದಲು ಈ ಪ್ಲೇಟು ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೆಷಿನ್ ಅಂದರೆ ಐಟಿಸಿ (ಐಸೋಥರ್ಮಲ್ ಟೈಟ್ರೇಶನ್ ಕ್ಯಾಲರಿಮೀಟರ್). ಪ್ರೋಟೀನಿಗೆ ಸಕ್ಕರೆಯನ್ನು ಹನಿ ಹನಿಯಾಗಿ ಬಿಟ್ಟು, ಪ್ರತಿ ಹನಿಗೂ ಎಷ್ಟು ಶಾಖ ಬಂತು ಅಂತ ಅಳೆಯುತ್ತದೆ. ಜಾಗಗಳು ತುಂಬುತ್ತಾ ಬಂದ ಹಾಗೆ ಆ ಶಾಖ ಇಳಿಯಬೇಕು. ನನ್ನ ಮೊದಲ ರನ್ನಿನಲ್ಲಿ ದೊಡ್ಡ ದೊಡ್ಡ ಪೀಕ್‌ಗಳು ಬಂದವು, ಕೊನೆಯವರೆಗೂ ಇಳಿಯಲೇ ಇಲ್ಲ. ಸಕ್ಕರೆಯನ್ನು ಹೊಸದಾಗಿ ಮಾಡಿದ ಬಫರಿನಲ್ಲಿ ಕರಗಿಸಿದ್ದೆ. ಉಪ್ಪಿನಲ್ಲಿ, ಪಿಎಚ್‌ನಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಬೆರೆಯುವಾಗಲೇ ಶಾಖ ಬರುತ್ತದೆ. ಡಯಾಲಿಸಿಸ್ ಚೀಲದ ಹೊರಗೆ ಉಳಿದ ಕೊನೆಯ ಬಫರಿನಲ್ಲೇ ಸಕ್ಕರೆ ಕರಗಿಸಿದಾಗ ಪೀಕ್‌ಗಳು ಒಂದೊಂದಾಗಿ ಇಳಿದವು.

ಹಿಡಿತ ಜಾಸ್ತಿ ಬಿಗಿ ಇಲ್ಲದ್ದರಿಂದ ಶಾಖದ ಗ್ರಾಫಿನಲ್ಲಿ ಎಸ್ ಆಕಾರದ ಗೆರೆ ಸಿಗಲಿಲ್ಲ, ಬಾಗಿದ ಇಳಿಜಾರು ಮಾತ್ರ. ಅದರಿಂದ ಎಷ್ಟು ಜಾಗಗಳಿವೆ ಅಂತ ಲೆಕ್ಕ ಹಾಕಲು ಆಗುವುದಿಲ್ಲ. ಇಲ್ಲಿ ನಮ್ಮೂರಿನ ಕೆಲಸವೇ ಕೈಹಿಡಿಯಿತು. ಜಾಕಲಿನ್ ರಚನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಅವರ ತಂಡ 1996ರಲ್ಲಿ ಪ್ರಕಟಿಸಿತ್ತು. ನಾಲ್ಕು ಉಪಘಟಕ, ಪ್ರತಿಯೊಂದಕ್ಕೂ ಒಂದು ಜಾಗ. ಉಪಘಟಕಕ್ಕೆ ಒಂದು ಜಾಗ ಅಂತ ಗಟ್ಟಿ ಮಾಡಿಕೊಂಡು, ಹಿಡಿತದ ಬಿಗಿಯಂಥ ಉಳಿದ ಸಂಖ್ಯೆಗಳನ್ನು ತೆಗೆದೆ. ಮೂರು ರನ್ನುಗಳು ಹೊಂದಿಕೊಂಡವು.

ಈಗ ಆ ಹೊರಗಿನ ಬಫರನ್ನು ನಾನು ಚೆಲ್ಲುವುದಿಲ್ಲ. ಬಾಟಲಿ ಮೇಲೆ ದಿನಾಂಕ ಬರೆದು, ಪ್ರೋಟೀನ್ ಪಕ್ಕದಲ್ಲೇ ಫ್ರಿಜ್‌ನಲ್ಲಿ ಇಡುತ್ತೇನೆ.