ಕಾರ್ಡ್ ಹಿಡಿದು ಮೆನು ಪರೀಕ್ಷೆ ಮಾಡಿದ್ದು

ದೊಡ್ಡ ವೆಬ್‌ಸೈಟಲ್ಲಿ ಜನರಿಗೆ ಬೇಕಾದ್ದು ಸಿಗುತ್ತಾ ಅಂತ ನೋಡೋದಕ್ಕೆ ನಾನು ಮೊದಲು ಆ ವೆಬ್‌ಸೈಟನ್ನೇ ಪಕ್ಕಕ್ಕೆ ಇಡುತ್ತೇನೆ. ಬಣ್ಣ, ಫೋಟೋ, ಸರ್ಚ್ ಬಾಕ್ಸ್ ಏನೂ ಬೇಡ. ಬರೀ ಮೆನು, ಅದರೊಳಗಿನ ಮೆನು ಕೊಟ್ಟು, ಜನ ಎಲ್ಲಿ ಹುಡುಕ್ತಾರೆ ಅಂತ ನೋಡೋದು. ಇದಕ್ಕೆ ಟ್ರೀ ಟೆಸ್ಟಿಂಗ್ ಅಂತಾರೆ. ಈಗ ಆನ್‌ಲೈನ್ ಟೂಲ್‌ಗಳಿವೆ, ಆದರೆ ವೆಬ್‌ಸೈಟ್ ವಿನ್ಯಾಸದ ತಜ್ಞೆ ಡೋನಾ ಸ್ಪೆನ್ಸರ್ 2003ರಲ್ಲಿ ಬರೆದ ವಿಧಾನ ಕಾಗದದ ಕಾರ್ಡ್‌ಗಳದ್ದು. ಕೊಡಗಿನ ಮಳೆಗಾಲಕ್ಕೆ ಅದೇ ಸರಿ, ಕರೆಂಟು ನೆಟ್‌ವರ್ಕು ಎರಡೂ ಹೋದರೂ ಕೆಲಸ ನಿಲ್ಲಲ್ಲ.

ಕಾಫಿ ಬೆಳೆಗಾರರಿಗಾಗಿ ಇರುವ ಒಂದು ಸೈಟಿನ ಮೆನುವನ್ನೆಲ್ಲ ಕಾರ್ಡಲ್ಲಿ ಬರೆದುಕೊಂಡು, ಗೋಣಿಕೊಪ್ಪದ ಕಾಫಿ ವ್ಯಾಪಾರಿಯೊಬ್ಬರ ಅಂಗಡಿ ಬೆಂಚಲ್ಲಿ ಕೂತೆ. ಕಷ್ಟ ಇರೋದು ಪ್ರಶ್ನೆ ಬರೆಯೋದರಲ್ಲಿ. ಮೆನುವಿನಲ್ಲಿರೋ ಪದವೇ ಪ್ರಶ್ನೆಯಲ್ಲಿ ಬಂದರೆ ಜನ ಸುಮ್ನೆ ಪದ ಹೊಂದಿಸಿ ಬಿಡ್ತಾರೆ. ಹಾಗಾಗಿ ಕಾಂಡಕೊರಕ ಅನ್ನೋ ಹುಳುವಿನ ಹೆಸರೇ ಎತ್ತದೆ ಅಲ್ಲಿಗೆ ಬಂದಿದ್ದ ಬೆಳೆಗಾರರೊಬ್ಬರನ್ನು ಕೇಳಿದೆ: “ಅಂಕಲ್, ನಿಮ್ಮ ಅರೇಬಿಕಾ ಗಿಡದ ಎಲೆ ಹಳದಿ ಆಗ್ತಿದೆ, ಕಾಂಡದ ಮೇಲೆ ಉಬ್ಬಿದ ಗೆರೆ ಕಾಣ್ತಿದೆ. ಏನು ಮಾಡ್ಬೇಕು ಅಂತ ಎಲ್ಲಿ ನೋಡ್ತೀರಾ?”

ಅವರು “ಬೆಳೆಗಾರರ ಸೇವೆ” ಕಾರ್ಡ್ ಎತ್ತಿದರು. ಒಳಗೆ ಸಬ್ಸಿಡಿ, ಅರ್ಜಿ ನಮೂನೆ. ವಾಪಸ್ ಬಂದು “ಸಂಶೋಧನೆ” ತೆಗೆದರೆ ಅಲ್ಲಿ ಕೇಂದ್ರಗಳ ವಿಳಾಸ. ಕಾರ್ಡ್ ಕೆಳಗಿಟ್ಟು, “ಫೋನ್ ಮಾಡಿ ಕೇಳೋದೇ ವಾಸಿ ಮಾರಾಯ್ರೆ” ಅಂದರು. ಉತ್ತರ ಇದ್ದದ್ದು “ಪ್ರಕಟಣೆಗಳು” ಒಳಗೆ, ಮೂರನೇ ಹಂತದಲ್ಲಿ, ಒಂದು ಪಿಡಿಎಫ್ ಆಗಿ. ಬೆಳೆಗಾರ ಅಲ್ಲಿಗೆ ಯಾಕೆ ಹೋಗ್ತಾನೆ, ಅಲ್ವಾ?

ನಾನು ಬರೆದುಕೊಳ್ಳೋದು ಇಷ್ಟೇ: ಮೊದಲು ಎತ್ತಿದ ಕಾರ್ಡ್ ಯಾವುದು, ಎಲ್ಲಿ ವಾಪಸ್ ತಿರುಗಿದರು, ಎಲ್ಲಿ ಕೈಬಿಟ್ಟರು. ಸುತ್ತಾಡಿ ಸಿಕ್ಕಿದ್ದನ್ನು ನೇರವಾಗಿ ಸಿಕ್ಕಿದ್ದರ ಜೊತೆ ಸೇರಿಸಲ್ಲ. ಮೊದಲ ಆಯ್ಕೆಗೆ ಜಾಸ್ತಿ ಬೆಲೆ ಕೊಡ್ತೇನೆ. ವೆಬ್‌ಸೈಟ್ ಬಳಕೆಯ ಸಂಶೋಧಕರಾದ ಬಾಬ್ ಬೈಲಿ ಮತ್ತು ಕ್ಯಾರಿ ವುಲ್ಫ್‌ಸನ್ ನೋಡಿದಂತೆ ಮೊದಲ ಕ್ಲಿಕ್ ಸರಿ ಇದ್ದಾಗ ಶೇ. 87ರಷ್ಟು ಸಲ ಕೆಲಸ ಮುಗಿಯುತ್ತಿತ್ತು, ತಪ್ಪಿದಾಗ ಶೇ. 46 ಮಾತ್ರ.

ಇಂಥ ಪರೀಕ್ಷೆಗೆ ಐದೇ ಜನ ಸಾಕು ಅಂತ ವೆಬ್‌ಸೈಟ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದದ್ದನ್ನು ಎಲ್ಲರೂ ಹೇಳ್ತಾರೆ. ಅದು ತೊಡಕು ಎಲ್ಲಿದೆ ಅಂತ ಹುಡುಕೋದಕ್ಕೆ. ಐದು ಜನರನ್ನು ಕೇಳಿ ಶೇಕಡಾ ಲೆಕ್ಕ ಕೊಟ್ಟರೆ ನಾನಂತೂ ನಂಬಲ್ಲ.

ಆಮೇಲೆ “ರೋಗ, ಕೀಟ” ಅಂತ ಒಂದು ಕಾರ್ಡನ್ನು “ಬೆಳೆಗಾರರ ಸೇವೆ” ಒಳಗೆ ಸೇರಿಸಿ, ಅದೇ ಪ್ರಶ್ನೆ, ಜೊತೆಗೆ ಬೇರೆ ಪ್ರಶ್ನೆಗಳನ್ನೂ ಹಿಡಿದು ಸೋಮವಾರಪೇಟೆ ಕಡೆ ಹೋದೆ. ಹೊಸ ಜನವೇ ಬೇಕು, ಒಮ್ಮೆ ಮಾಡಿದವರಿಗೆ ದಾರಿ ಗೊತ್ತಿರುತ್ತೆ. ಗಿಡದ ಪ್ರಶ್ನೆಗೆ ಈ ಸಲ ಹೆಚ್ಚಿನವರು ನೇರ ಹೋದರು. ಸಬ್ಸಿಡಿ ಅರ್ಜಿ ಎಲ್ಲಿಗೆ ಬಂತು ಅಂತ ನೋಡುವ ಪ್ರಶ್ನೆಯಲ್ಲಿ ಮಾತ್ರ ಇನ್ನೂ ಅಲೆದಾಡುತ್ತಿದ್ದಾರೆ.